ಮಾಮುವಿನ ಪಟರ್ ಮತ್ತು ನನ್ನ ಅರ್ಧ ಲೆಕ್ಕ

ಗಾಲ್ಫ್ ಎಂದ ಕೂಡಲೇ ನಮ್ಮ ಕ್ಲಾಸಿನಲ್ಲಿ ಹೆಚ್ಚಿನವರು ನಗುತ್ತಾರೆ. "ಅದು ದುಡ್ಡಿದ್ದವರ ಆಟ, ನಮಗೇಕೆ?" ಎನ್ನುತ್ತಾರೆ. ಆದರೆ ನಮ್ಮ ಮನೆಯಲ್ಲಿ ಗಾಲ್ಫ್ ಅಂದರೆ ಅನ್ನ. ನನ್ನ ಅಮ್ಮಿಯ ತಮ್ಮ, ಅಂದರೆ ನನ್ನ ಮಾಮು, ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ 20 ವರ್ಷದಿಂದ ಕ್ಯಾಡಿಯಾಗಿದ್ದಾರೆ. ಫಜ್ರ್ ನಮಾಝ್ ಮುಗಿಸಿ ಮನೆ ಬಿಟ್ಟರೆ, ಬೇರೆಯವರ ಬ್ಯಾಗು ಹೊತ್ತು ಒಂದು ಸುತ್ತಿಗೆ ಆರೇಳು ಕಿಲೋಮೀಟರ್ ನಡೆಯುತ್ತಾರೆ. ಚೆಂಡು ಎಲ್ಲಿ ಬಿತ್ತು, ಗಾಳಿ ಯಾವ ಕಡೆ, ಹುಲ್ಲು ಯಾವ ಕಡೆ ಬಾಗಿದೆ ಎಂದು ಆಟಗಾರರಿಗೆ ಹೇಳುವುದು ಅವರ ಕೆಲಸ. ಸೋಮವಾರ ಮೈದಾನ ಖಾಲಿ ಇದ್ದಾಗ ಕ್ಯಾಡಿಗಳಿಗೂ ಆಡಲು ಬಿಡುತ್ತಾರೆ. ಮಾಮು ಬಹಳ ಚೆನ್ನಾಗಿ ಆಡುತ್ತಾರೆ.

ಹೋದ ವರ್ಷ ಕ್ಯಾಡಿಗಳಿಗಾಗಿಯೇ ನಡೆದ ಪಂದ್ಯದಲ್ಲಿ ಮಾಮು ಕೊನೆಯ ಹೋಲ್‌ವರೆಗೂ ಮುಂದಿದ್ದರು. ಉಳಿದದ್ದು ಆರು ಅಡಿ ದೂರದ ಒಂದೇ ಒಂದು ಹೊಡೆತ. ಚೆಂಡು ಕುಳಿಯ ಬಲ ಅಂಚಿಗೆ ತಾಗಿ, ಸುತ್ತಿ, ಹೊರಗೆ ನಿಂತಿತು. ಮೊದಲ ಬಹುಮಾನದ ಹಣದಲ್ಲಿ ಅವರ ಮಗಳ ಶಾಲೆಯ ಫೀಸು ಕಟ್ಟಬೇಕೆಂದಿದ್ದರು. ಅಂದು ರಾತ್ರಿ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ "ಈ ಪಟರ್ ನನಗೆ ಆಗುವುದಿಲ್ಲ, ಬೇಟಾ" ಎಂದರು.

ನಾನು ಆಗಷ್ಟೇ ಭೌತಶಾಸ್ತ್ರದಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಪಾಠ ಓದಿದ್ದೆ. ಮಾಮುವಿಗೆ ಸಲಹೆ ಕೊಡುವ ಧೈರ್ಯ ನನಗೆ ಬಂತು. ಆ ಸಲಹೆ ಹೇಗೆ ತಪ್ಪಿತು, ಯಾಕೆ ತಪ್ಪಿತು, ಪಟರ್ ಎಂಬ ಸಣ್ಣ ಕೋಲಿನಲ್ಲಿ ಎಷ್ಟು ವಿಜ್ಞಾನ ಅಡಗಿದೆ ಎಂಬುದನ್ನು ಹೇಳಲು ಈ ಲೇಖನ.

ಪಟರ್ ಎಂದರೇನು?

ಗಾಲ್ಫ್ ಆಟಗಾರ ತನ್ನ ಬ್ಯಾಗಿನಲ್ಲಿ ಹೆಚ್ಚೆಂದರೆ 14 ಕ್ಲಬ್ಬುಗಳನ್ನು ಇಟ್ಟುಕೊಳ್ಳಬಹುದು. ಉಳಿದವು ಚೆಂಡನ್ನು ಗಾಳಿಯಲ್ಲಿ ಹಾರಿಸಲು. ಪಟರ್ ಮಾತ್ರ ಚೆಂಡನ್ನು ನೆಲದ ಮೇಲೆ ಉರುಳಿಸಲು. ಕುಳಿಯ ಸುತ್ತ ಹುಲ್ಲನ್ನು ತೀರಾ ಗಿಡ್ಡವಾಗಿ ಕತ್ತರಿಸಿದ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಚೆಂಡು ಅಲ್ಲಿಗೆ ಬಂದ ಮೇಲೆ ಪಟರ್ ಕೈಗೆ ಬರುತ್ತದೆ.

ಇದು ಸಣ್ಣ ಕೆಲಸ ಅನ್ನಿಸಬಹುದು. ಲೆಕ್ಕ ನೋಡಿ. ಸಾಮಾನ್ಯವಾಗಿ 18 ಹೋಲ್‌ಗಳ ಮೈದಾನಕ್ಕೆ 72 ಹೊಡೆತಗಳನ್ನು ಗುರಿಯಾಗಿ ಇಟ್ಟಿರುತ್ತಾರೆ. ಅದರಲ್ಲಿ ಪ್ರತಿ ಹೋಲ್‌ಗೆ ಎರಡು ಪಟ್ ಎಂದು ಲೆಕ್ಕ ಹಿಡಿಯುತ್ತಾರೆ. ಅಂದರೆ 36. ಆಟದ ಅರ್ಧ ಈ ಒಂದೇ ಕ್ಲಬ್ಬಿನ ಮೇಲೆ ನಿಂತಿದೆ. ದೂರ ಹೊಡೆದವನಿಗೆ ಚಪ್ಪಾಳೆ ಸಿಗುತ್ತದೆ, ಪಟ್ ಹಾಕಿದವನಿಗೆ ಬಹುಮಾನ ಸಿಗುತ್ತದೆ ಎಂದು ಮಾಮು ಹೇಳುತ್ತಿರುತ್ತಾರೆ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನು ನೆನಪಿಸಿಕೊಳ್ಳಿ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೇ ಸ್ಥಾನ ಪಡೆದಾಗ, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ದೂರ ಹೊಡೆಯುವುದರಲ್ಲಿ ಅವರಿಗಿಂತ ಬಲಶಾಲಿಗಳು ಅಲ್ಲಿ ಎಷ್ಟೋ ಮಂದಿ ಇದ್ದರು. ಅವರನ್ನು ಅಷ್ಟು ಮುಂದೆ ತಂದದ್ದು ಮುಖ್ಯವಾಗಿ ಅವರ ಪಟರ್.

ಒಂದು ಡಿಗ್ರಿಯ ಬೆಲೆ

ಗಾಲ್ಫ್ ಕುಳಿಯ ವ್ಯಾಸ 108 ಮಿಲಿಮೀಟರ್. ಚೆಂಡಿನ ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಈಗ ಚೆಂಡು ಕುಳಿಯಿಂದ 3 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಪಟರಿನ ಮುಖ ಸರಿಯಾದ ದಿಕ್ಕಿನಿಂದ ಒಂದೇ ಡಿಗ್ರಿ ತಿರುಗಿ, ಚೆಂಡು ಆ ದಿಕ್ಕಿನಲ್ಲೇ ಹೊರಟರೆ ಏನಾಗುತ್ತದೆ? ಒಂದು ಡಿಗ್ರಿಯ ಟ್ಯಾಂಜೆಂಟ್ ಸುಮಾರು 0.0175. ಅದನ್ನು 3,000 ಮಿಲಿಮೀಟರ್‌ಗೆ ಗುಣಿಸಿದರೆ 52 ಮಿಲಿಮೀಟರ್ ಬರುತ್ತದೆ. ಕುಳಿಯ ತ್ರಿಜ್ಯ 54. ಅಂದರೆ ಚೆಂಡು ಕುಳಿಯ ಅಂಚಿಗೇ ಹೋಗಿ ನಿಂತಂತೆ. ಎರಡು ಡಿಗ್ರಿ ತಿರುಗಿದರೆ ಕುಳಿಯ ಹತ್ತಿರವೂ ಸುಳಿಯುವುದಿಲ್ಲ.

ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆ ಇರುವುದರಿಂದಲೇ ಪಟರ್ ಮಾಡುವವರು ಆಕಾರ, ತೂಕ, ಉದ್ದ ಎಲ್ಲದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ.

ಗ್ಯಾರೇಜಿನಲ್ಲಿ ಹುಟ್ಟಿದ "ಪಿಂಗ್"

ಹಳೆಯ ಕಾಲದ ಪಟರ್ ಒಂದು ತೆಳುವಾದ ಲೋಹದ ಪಟ್ಟಿ. ಅದಕ್ಕೆ ಬ್ಲೇಡ್ ಎಂದು ಹೆಸರು. ಚೆಂಡನ್ನು ಅದರ ನಡುವಿನಲ್ಲಿ ಹೊಡೆದರೆ ಸರಿ. ತುದಿಯ ಕಡೆ, ಅಂದರೆ ಟೋ ಕಡೆ ತಾಗಿದರೆ ಪಟರಿನ ತಲೆ ಕೈಯಲ್ಲೇ ತಿರುಗಿಬಿಡುತ್ತದೆ. ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡಿಗೆ ಸೇರಬೇಕಾದ ಶಕ್ತಿಯಲ್ಲಿ ಒಂದಿಷ್ಟು ಆ ತಿರುಗುವಿಕೆಗೆ ಹೋಗುತ್ತದೆ. ಹಾಗಾಗಿ ಚೆಂಡು ದಿಕ್ಕೂ ತಪ್ಪುತ್ತದೆ, ದೂರವೂ ಕಡಿಮೆಯಾಗುತ್ತದೆ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯರು ಕಾರ್ಸ್ಟನ್ ಸೋಲ್‌ಹೈಮ್. ಅವರು 1911ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಹುಟ್ಟಿ, ಚಿಕ್ಕವರಿದ್ದಾಗಲೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದರು. ಕೆಲವು ಕಾಲ ಚಪ್ಪಲಿ ಹೊಲಿಯುವ ಕೆಲಸ ಮಾಡಿದರು. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಎಂಜಿನಿಯರ್ ಆದರು. ಗಾಲ್ಫ್ ಕಲಿತದ್ದು ನಲವತ್ತು ದಾಟಿದ ಮೇಲೆ. ಪಟ್ ಸರಿಯಾಗಿ ಬೀಳದಿದ್ದಾಗ, ತಪ್ಪು ತನ್ನದೋ ಪಟರಿನದೋ ಎಂದು ಎಂಜಿನಿಯರಿನಂತೆ ಯೋಚಿಸಿದರು.

ಅವರ ಉಪಾಯ ಸರಳವಾಗಿತ್ತು. ತಲೆಯ ನಡುವಿನಲ್ಲಿದ್ದ ತೂಕವನ್ನು ತೆಗೆದು ಎರಡೂ ತುದಿಗಳಿಗೆ ಹಂಚಿದರು. 1959ರಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಮಾಡಿದ ಪಟರಿಗೆ ಚೆಂಡು ತಾಗಿದಾಗ "ಪಿಂಗ್" ಎಂಬ ಸದ್ದು ಬರುತ್ತಿತ್ತು. ಅದೇ ಅವರ ಕಂಪನಿಯ ಹೆಸರಾಯಿತು. 1966ರಲ್ಲಿ ಬಂದ ಅವರ ಇನ್ನೊಂದು ಪಟರಿಗೆ ಪತ್ನಿ ಲೂಯಿಸ್ "ಆನ್ಸರ್" ಎಂದು ಹೆಸರು ಸೂಚಿಸಿದರು. ಪಟರಿನ ಮೇಲೆ ಅಷ್ಟು ಅಕ್ಷರ ಹಿಡಿಸದಿದ್ದಾಗ ಇಂಗ್ಲಿಷ್ ಹೆಸರಿನಿಂದ 'ಡಬ್ಲ್ಯೂ' ಅಕ್ಷರವನ್ನು ಕೈಬಿಡಿ ಎಂದವರೂ ಅವರೇ. ಇಂದಿಗೂ ಜಗತ್ತಿನ ಎಷ್ಟೋ ಪಟರುಗಳು ಆ ಆನ್ಸರ್‌ನ ಆಕಾರದಲ್ಲೇ ಬರುತ್ತವೆ.

ನಮ್ಮ ಪಾಠದಲ್ಲಿ ಇದಕ್ಕೆ ಸೂತ್ರ ಇದೆ. ಒಂದು ವಸ್ತು ತಿರುಗುವುದನ್ನು ಎಷ್ಟು ವಿರೋಧಿಸುತ್ತದೆ ಎಂಬುದೇ ಮೊಮೆಂಟ್ ಆಫ್ ಇನರ್ಷಿಯಾ. ದ್ರವ್ಯರಾಶಿಯನ್ನು ದೂರದ ವರ್ಗದಿಂದ ಗುಣಿಸಬೇಕು. 175 ಗ್ರಾಮಿನ ಎರಡು ಗುಂಡುಗಳು ನಡುವಿನಿಂದ ತಲಾ 2 ಸೆಂಟಿಮೀಟರ್ ದೂರ ಇದ್ದರೆ ಉತ್ತರ 1,400 ಗ್ರಾಂ ಚದರ ಸೆಂಟಿಮೀಟರ್. ಅದೇ ಗುಂಡುಗಳನ್ನು 4 ಸೆಂಟಿಮೀಟರ್‌ಗೆ ಸರಿಸಿದರೆ 5,600. ತೂಕ ಒಂದು ಗ್ರಾಂ ಕೂಡ ಹೆಚ್ಚಿಸದೆ ಸ್ಥಿರತೆ ನಾಲ್ಕು ಪಟ್ಟು. ಈ ವಿಚಾರವನ್ನೇ ಇನ್ನೂ ಮುಂದಕ್ಕೆ ಒಯ್ದು, ತೂಕವನ್ನು ಹಿಂಬದಿಗೂ ಚಾಚಿ, ಅಗಲವಾದ ತಲೆ ಮಾಡಿದರು. ಅದಕ್ಕೆ ಮ್ಯಾಲೆಟ್ ಎನ್ನುತ್ತಾರೆ.

ನಾನು ಕೊಟ್ಟ ಸಲಹೆ

ಮಾಮುವಿನ ಪಟರ್ ಒಬ್ಬ ಆಟಗಾರರು ವರ್ಷಗಳ ಹಿಂದೆ ಕೊಟ್ಟ ಹಳೆಯ ಬ್ಲೇಡ್. ನಾನು ನೋಟ್‌ಬುಕ್ಕಿನಲ್ಲಿ ಮೇಲಿನ ಲೆಕ್ಕವನ್ನೇ ಬರೆದು ತೋರಿಸಿದೆ. "ಮಾಮು, ನಾಲ್ಕು ಪಟ್ಟು! ನೀವು ಮ್ಯಾಲೆಟ್ ತಗೊಳ್ಳಿ" ಎಂದೆ. ಅವರಿಗೆ ಸೂತ್ರ ಅರ್ಥವಾಗಲಿಲ್ಲ, ಆದರೆ ನನ್ನ ಮೇಲೆ ನಂಬಿಕೆ ಇತ್ತು. ಓದಿದ ಹುಡುಗ ಹೇಳುತ್ತಿದ್ದಾನೆ ಎಂದುಕೊಂಡರು. 6,500 ರೂಪಾಯಿ ಕೊಟ್ಟು ಯಾರೋ ಬಳಸಿದ್ದ ಒಂದು ಮ್ಯಾಲೆಟ್ ಕೊಂಡರು. ಅದು ಎಷ್ಟು ಸುತ್ತುಗಳ ಕೂಲಿ ಎಂದು ನನಗೆ ಗೊತ್ತಿತ್ತು.

ಮೂರು ಸೋಮವಾರ ಕಳೆದವು. ಮೊದಲು ಆಗೊಮ್ಮೆ ಈಗೊಮ್ಮೆ ಬಲಕ್ಕೆ ಹೋಗುತ್ತಿದ್ದ ಚೆಂಡು ಈಗ ಪ್ರತಿ ಸಲವೂ ಬಲಕ್ಕೆ ಹೋಗತೊಡಗಿತು. ಮಾಮು ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಸರ್ ಕೇಳಿದ ಒಂದು ಪ್ರಶ್ನೆ

ನಾನು ನಮ್ಮ ಭೌತಶಾಸ್ತ್ರದ ಸರ್ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಲೆಕ್ಕ ನೋಡಿ, "ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನಿನ್ನ ಮಾಮು ಚೆಂಡನ್ನು ಪಟರಿನ ಯಾವ ಜಾಗದಲ್ಲಿ ಹೊಡೆಯುತ್ತಾರೆ, ನೋಡಿದ್ದೀಯಾ?" ಎಂದರು. ನಾನು ನೋಡಿರಲಿಲ್ಲ.

ಕ್ಲಾಸಿನಿಂದ ಸೀಮೆಸುಣ್ಣದ ಪುಡಿ ತೆಗೆದುಕೊಂಡು ಹೋಗಿ ಹಳೆಯ ಬ್ಲೇಡಿನ ಮುಖಕ್ಕೆ ಸವರಿದೆ. ಮಾಮು ಇಪ್ಪತ್ತು ಪಟ್ ಹೊಡೆದರು. ಇಪ್ಪತ್ತು ಗುರುತುಗಳೂ ನಡುವಿನಲ್ಲಿ, ಒಂದು ಐದು ರೂಪಾಯಿ ನಾಣ್ಯದ ಅಗಲದೊಳಗೆ ಇದ್ದವು. ಅಂದರೆ ಮ್ಯಾಲೆಟ್ ಯಾವ ತಪ್ಪಿಗೆ ಪರಿಹಾರವೋ ಆ ತಪ್ಪು ಮಾಮುವಿಗೆ ಇರಲೇ ಇಲ್ಲ. ಇಲ್ಲದ ಕಾಯಿಲೆಗೆ ನಾನು ಔಷಧಿ ಕೊಡಿಸಿದ್ದೆ.

ಹಾಗಾದರೆ ಚೆಂಡು ಬಲಕ್ಕೆ ಹೋಗುವುದೇಕೆ? ಮಾಮು ಎರಡು ಮೀಟರ್ ದೂರದ ಗುರಿಗೆ ಪಟರ್ ಹಿಡಿದು ನಿಂತರು. ನಾನು ಜಾಮಿಟ್ರಿ ಬಾಕ್ಸಿನ ಸೆಟ್ ಸ್ಕ್ವೇರನ್ನು ಪಟರಿನ ಮುಖಕ್ಕೆ ಒತ್ತಿ, ಅದರ ಅಂಚಿನ ನೇರಕ್ಕೆ ದಾರ ಎಳೆದೆ. ದಾರ ಗುರಿಯಿಂದ ಐದು ಸೆಂಟಿಮೀಟರ್ ಬಲಕ್ಕೆ ಹೋಗಿ ನಿಂತಿತು. ಮಾಮು ನಂಬಲಿಲ್ಲ. ಇನ್ನೊಮ್ಮೆ ನಿಂತರು. ಮತ್ತೆ ಅಷ್ಟೇ. ಹೊಡೆಯುವ ಮೊದಲೇ ಪಟರ್ ಬಲಕ್ಕೆ ನೋಡುತ್ತಿತ್ತು.

ಕಾರಣ ಉದ್ದ. ಮಾಮು ಐದು ಅಡಿ ನಾಲ್ಕು ಇಂಚು ಎತ್ತರದವರು, ಪಟರ್ 35 ಇಂಚಿನದು. ಅಷ್ಟು ಉದ್ದದ ಕೋಲು ಹಿಡಿದರೆ ಅವರು ಚೆಂಡಿನಿಂದ ದೂರ ಸರಿದು ನಿಲ್ಲಬೇಕಾಗುತ್ತದೆ. ಮೂಗಿನ ಬುಡದಿಂದ ಒಂದು ಚೆಂಡನ್ನು ಕೆಳಗೆ ಬಿಟ್ಟಾಗ ಅದು ನೆಲದ ಚೆಂಡಿಗಿಂತ ಮೂರು ಇಂಚು ಕಾಲಿನ ಕಡೆ ಬಿತ್ತು. ಕಣ್ಣು ಚೆಂಡಿನ ಗೆರೆಯ ಮೇಲೆ ಇಲ್ಲದಿದ್ದರೆ ಗೆರೆ ಓರೆಯಾಗಿ ಕಾಣುತ್ತದೆ. ಗೋಡೆ ಗಡಿಯಾರವನ್ನು ಪಕ್ಕದಿಂದ ನೋಡಿದರೆ ಮುಳ್ಳು ಬೇರೆ ನಿಮಿಷ ತೋರಿಸಿದ ಹಾಗೆ. ಲ್ಯಾಬಿನಲ್ಲಿ ನಾವು ಪ್ಯಾರಲಾಕ್ಸ್ ದೋಷ ಎಂದು ಬರೆಯುತ್ತೇವಲ್ಲ, ಅದರ ಜಾತಿಯದ್ದೇ.

ಇಷ್ಟು ವರ್ಷ ಮಾಮು ಬಲಕ್ಕೆ ಗುರಿ ಇಟ್ಟು, ಹೊಡೆಯುವಾಗ ಮಣಿಕಟ್ಟನ್ನು ಸ್ವಲ್ಪ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದರು. ಅವರಿಗೇ ಗೊತ್ತಿಲ್ಲದ ಅಭ್ಯಾಸ ಅದು. ಪಂದ್ಯದ ಕೊನೆಯ ಹೊಡೆತದಲ್ಲಿ ಎದೆ ಬಡಿದುಕೊಳ್ಳುವಾಗ ಮಣಿಕಟ್ಟು ತಿರುಗಲಿಲ್ಲ. ಚೆಂಡು ಬಲ ಅಂಚಿಗೆ ಹೋಯಿತು. ನಾನು ಕೊಡಿಸಿದ ಮ್ಯಾಲೆಟ್‌ನ ಗುಣವೇ ತಿರುಗದಿರುವುದು. ಹಾಗಾಗಿ ಅದು ತಪ್ಪು ಗುರಿಯನ್ನು ನಿಷ್ಠೆಯಿಂದ ಕಾಪಾಡಿತು. ನಾನು ಪಟರನ್ನು ಅಳೆದಿದ್ದೆ, ಮಾಮುವನ್ನು ಅಳೆದಿರಲಿಲ್ಲ.

ಆಯ್ಕೆ ಮಾಡುವುದು ಹೇಗೆ?

ಈ ಅನುಭವದಿಂದ ಮತ್ತು ಮಾಮು ಹೇಳಿದ್ದರಿಂದ ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಮೊದಲನೆಯದು ಉದ್ದ. ಅಂಗಡಿಯಲ್ಲಿ ಸಾಮಾನ್ಯವಾಗಿ 33ರಿಂದ 35 ಇಂಚಿನ ಪಟರುಗಳು ಸಿಗುತ್ತವೆ. ಸೊಂಟದಿಂದ ಬಾಗಿ, ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟು, ಕಣ್ಣು ಚೆಂಡಿನ ಮೇಲೆ ಅಥವಾ ಸ್ವಲ್ಪ ಒಳಗೆ ಬರುವಂತೆ ನಿಲ್ಲಬೇಕು. ಆಗ ಕೈ ಎಲ್ಲಿರುತ್ತದೋ ಅಲ್ಲಿಂದ ನೆಲಕ್ಕೆ ಇರುವ ಅಳತೆಯೇ ನಿಮ್ಮ ಉದ್ದ. ನಾವು ಮನೆಯ ನೆಲ ಒರೆಸುವ ಕೋಲಿನಲ್ಲೇ ಅಳೆದೆವು. ಮಾಮುವಿಗೆ 33 ಇಂಚು ಬಂತು.

ಎರಡನೆಯದು ಗುರಿ. ಪಟರ್ ಹಿಡಿದು ನಿಂತಾಗ ಅದರ ಮುಖ ನಿಜವಾಗಿ ಎತ್ತ ನೋಡುತ್ತಿದೆ ಎಂದು ಇನ್ನೊಬ್ಬರಿಂದ ಪರೀಕ್ಷಿಸಿ. ಕೆಲವರ ಕಣ್ಣಿಗೆ ಮ್ಯಾಲೆಟ್‌ನ ಉದ್ದ ಗೆರೆ ಸಹಾಯ ಮಾಡುತ್ತದೆ, ಕೆಲವರಿಗೆ ಬ್ಲೇಡಿನ ನೇರ ಅಂಚೇ ಸಾಕು. ಪಂದ್ಯದಲ್ಲಿ ಈ ಸಹಾಯ ಸಿಗುವುದಿಲ್ಲ. ಆಟಗಾರ ಹೊಡೆಯಲು ನಿಲ್ಲುವಾಗ ಗುರಿ ಸರಿಪಡಿಸಲೆಂದು ಕ್ಯಾಡಿ ಹಿಂದೆ ಗೆರೆಯ ನೇರಕ್ಕೆ ನಿಲ್ಲಬಾರದು ಎಂಬ ನಿಯಮ 2019ರಿಂದ ಇದೆ.

ಮೂರನೆಯದು ಸೀಮೆಸುಣ್ಣದ ಪರೀಕ್ಷೆ. ಗುರುತುಗಳು ಮುಖದ ತುಂಬಾ ಚೆದುರಿದ್ದರೆ ಮ್ಯಾಲೆಟ್ ನಿಜವಾಗಿಯೂ ಉಪಕಾರಿ. ಒಂದೇ ಕಡೆ ಇದ್ದರೆ ಅದಕ್ಕಾಗಿ ದುಡ್ಡು ಕೊಡಬೇಕಿಲ್ಲ.

ನಾಲ್ಕನೆಯದು ಸಮತೋಲ. ಪಟರಿನ ಕೋಲನ್ನು ತಲೆಯ ಹತ್ತಿರ ಬೆರಳ ಮೇಲೆ ಅಡ್ಡಲಾಗಿ ನಿಲ್ಲಿಸಿ. ಮುಖ ಆಕಾಶ ನೋಡಿದರೆ ಅದು ಮುಖ ಸಮತೋಲದ ಪಟರ್. ತುದಿ ನೆಲದ ಕಡೆ ಜೋತುಬಿದ್ದರೆ ಟೋ ಜೋತುವ ಪಟರ್. ಕೈ ನೇರವಾಗಿ ಹಿಂದೆ ಮುಂದೆ ಹೋಗುವವರಿಗೆ ಮೊದಲನೆಯದು, ಬಾಗಿಲು ತೆರೆದು ಮುಚ್ಚುವಂತೆ ಕಮಾನಿನಲ್ಲಿ ಹೊಡೆಯುವವರಿಗೆ ಎರಡನೆಯದು ಹೊಂದುತ್ತದೆ ಎನ್ನುವುದು ರೂಢಿ. ಮಾಮುವಿನದು ಕಮಾನಿನ ಹೊಡೆತ.

ಐದನೆಯದು ಲಾಫ್ಟ್, ಅಂದರೆ ಮುಖದ ಓರೆ. ಪಟರಿನ ಮುಖ ಪೂರ್ತಿ ನೆಟ್ಟಗಿರುವುದಿಲ್ಲ. ಸಾಮಾನ್ಯವಾಗಿ 2ರಿಂದ 4 ಡಿಗ್ರಿ ಹಿಂದಕ್ಕೆ ವಾಲಿರುತ್ತದೆ. ಚೆಂಡು ತನ್ನ ತೂಕದಿಂದ ಹುಲ್ಲಿನಲ್ಲಿ ಸ್ವಲ್ಪ ಹೂತು ಕುಳಿತಿರುತ್ತದೆ. ಈ ಓರೆ ಅದನ್ನು ಮೆಲ್ಲಗೆ ಮೇಲೆತ್ತಿದ ಮೇಲೆ ಚೆಂಡು ಕೊಂಚ ಜಾರಿ, ನಂತರ ಉರುಳತೊಡಗುತ್ತದೆ. ಹುಲ್ಲು ದಟ್ಟವಾಗಿರುವ ಕಡೆ ಓರೆ ಸ್ವಲ್ಪ ಹೆಚ್ಚಿದ್ದರೆ ಅನುಕೂಲ.

ಕೊನೆಯದು ಬೆಲೆ. ಮಾಮು ಹೊರುವ ಬ್ಯಾಗುಗಳಲ್ಲಿ ಅವರ ತಿಂಗಳ ದುಡಿಮೆಗಿಂತ ಹೆಚ್ಚು ಬೆಲೆಯ ಪಟರುಗಳಿರುತ್ತವೆ. ಪ್ರತಿ ವರ್ಷ ಹೊಸದು ಕೊಂಡು ಪ್ರತಿ ವರ್ಷ ಅದೇ ಕಡೆ ತಪ್ಪುವವರನ್ನು ಅವರು ನೋಡಿದ್ದಾರೆ.

ಒಂದೇ ಸರಿ ಉತ್ತರ ಇಲ್ಲ

ದೊಡ್ಡ ಆಟಗಾರರನ್ನು ನೋಡಿದರೂ ಇದೇ ಗೊತ್ತಾಗುತ್ತದೆ. 1986ರಲ್ಲಿ ಜ್ಯಾಕ್ ನಿಕ್ಲಾಸ್ 46ನೇ ವಯಸ್ಸಿನಲ್ಲಿ ಮಾಸ್ಟರ್ಸ್ ಗೆದ್ದಾಗ ಅವರ ಕೈಯಲ್ಲಿ ಬಹಳ ದೊಡ್ಡ ತಲೆಯ ವಿಚಿತ್ರ ಪಟರ್ ಇತ್ತು. ಟೈಗರ್ ವುಡ್ಸ್ ತಮ್ಮ 15 ಮೇಜರ್ ಪ್ರಶಸ್ತಿಗಳಲ್ಲಿ 14ನ್ನು ಗೆದ್ದದ್ದು ಒಂದೇ ಬ್ಲೇಡ್ ಪಟರಿನಿಂದ, ಅದೂ ಸೋಲ್‌ಹೈಮ್ ಅವರ ಆನ್ಸರ್ ಆಕಾರದ್ದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರ ಹೆಸರು ಹೇಳುವಾಗ ಮಾಮುವಿನ ಮುಖವೇ ಬೇರೆಯಾಗುತ್ತದೆ.

ನಾವು ಏನು ಮಾಡಿದೆವು? ಹಳೆಯ ಬ್ಲೇಡಿನ ಗ್ರಿಪ್ ಬಿಚ್ಚಿ, ಪರಿಚಯದ ಪ್ಲಂಬರ್ ಒಬ್ಬರ ಪೈಪ್ ಕಟರ್‌ನಿಂದ ಕೋಲನ್ನು ಎರಡು ಇಂಚು ಕತ್ತರಿಸಿದೆವು. ಉದ್ದ ಕಡಿಮೆಯಾದರೆ ತಲೆ ಹಗುರ ಅನ್ನಿಸುತ್ತದೆ. ಅದಕ್ಕೆ ತಲೆಯ ಅಡಿಗೆ ಸೀಸದ ಪಟ್ಟಿ ಅಂಟಿಸಿದೆವು. ಮತ್ತೆ ದಾರ ಎಳೆದಾಗ ಅದು ಗುರಿಯ ಮಧ್ಯಕ್ಕೆ ಬಂತು. ಮಾಮುವಿಗೆ ಮಾತ್ರ ಪಟರ್ ಎಡಕ್ಕೆ ನೋಡಿದಂತೆ ಕಾಣುತ್ತಿತ್ತು! ಇಪ್ಪತ್ತು ವರ್ಷದ ಕಣ್ಣಿನ ಅಭ್ಯಾಸ ಒಂದು ದಿನಕ್ಕೆ ಹೋಗುವುದಿಲ್ಲ. ದಿನವೂ ಮನೆಯ ಹಜಾರದಲ್ಲಿ ದಾರದ ಪಕ್ಕ ನಿಂತು ಅಭ್ಯಾಸ ಮಾಡುತ್ತಿದ್ದಾರೆ. ಮೊದಲು 18 ಹೋಲ್‌ಗಳಿಗೆ 36 ಪಟ್ ಆಗುತ್ತಿದ್ದವು. ಕಳೆದ ಸೋಮವಾರ 32 ಆಯಿತು.

ಆ ಮ್ಯಾಲೆಟ್ ವ್ಯರ್ಥವಾಗಲಿಲ್ಲ. ಮಾಮುವಿನ ಜೊತೆಗಾರ ಕ್ಯಾಡಿಯೊಬ್ಬರ ಪಟರಿಗೂ ಸೀಮೆಸುಣ್ಣ ಸವರಿದೆವು. ಅವರ ಗುರುತುಗಳು ಮುಖದ ಈ ತುದಿಯಿಂದ ಆ ತುದಿಯವರೆಗೆ ಇದ್ದವು. 5,000 ರೂಪಾಯಿಗೆ ಅವರೇ ಕೊಂಡರು, ಅವರ ಆಟ ಸುಧಾರಿಸಿದೆ. ಉಳಿದ 1,500 ರೂಪಾಯಿ ನನ್ನ ಅರ್ಧ ಲೆಕ್ಕದ ಬೆಲೆ. ಅದನ್ನು ಈದಿಗೆ ಬಂದ ಹಣದಿಂದ ಮಾಮುವಿಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. "ಮುಂದಿನ ತಿಂಗಳು ಪಂದ್ಯ ಇದೆ. ಆ ದಿನ ಬಾ, ನನ್ನ ಬ್ಯಾಗು ನೀನು ಹೊರು" ಎಂದರು.

ಗೆಳೆಯರೇ, ನಮ್ಮಲ್ಲಿ ಹೆಚ್ಚಿನವರು ಪಟರ್ ಕೊಳ್ಳುವುದಿಲ್ಲ. ಆದರೆ ಮನೆಯಲ್ಲಿ ಓದಿದವರು ನಾವು ಎಂದು ನಂಬಿ ದೊಡ್ಡವರು ನಮ್ಮನ್ನು ಕೇಳುತ್ತಾರೆ. ಯಾವ ಫೋನು, ಯಾವ ಕೋರ್ಸು, ಯಾವ ಔಷಧಿ ಎಂದು ಕೇಳುತ್ತಾರೆ. ಆಗ ಸೂತ್ರ ಹೇಳುವ ಮೊದಲು ಅವರು ನಿಂತಿರುವ ಜಾಗಕ್ಕೆ ಹೋಗಿ ಒಮ್ಮೆ ನೋಡಿ. ಒಂದು ಚಿಟಿಕೆ ಸೀಮೆಸುಣ್ಣ, ಒಂದು ಮಾರು ದಾರ ಸಾಕು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ